ಬಾಗಿಲಿನ ಹೊರಮೈ

ಆ ಬಡಗಿಯ ಮನೆಯಲ್ಲಿ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಊರಿನ ಬಾಗಿಲುಗಳಿಗೆಲ್ಲ ಚಿಲಕ ಕೂರಿಸುವವನ ಮನೆಯೇ ಹೀಗೆ ಎಂದು ನೆಂಟರು ನಗುತ್ತಿದ್ದರು. ಇದ್ದವನ್ನೆಲ್ಲ ಕಿತ್ತೆಸೆದವನು ಅವನ ಅಪ್ಪ. ಬೆಂಕಿಪೊಟ್ಟಣದ ಕಾರ್ಖಾನೆಯ ಕಾವಲುಗಾರ. ಕಾರ್ಖಾನೆ ಹೊತ್ತಿ ಉರಿದು ಹತ್ತೊಂಬತ್ತು ಹೆಂಗಸರು ಸತ್ತಾಗ ಬಡಗಿಗೆ ನಾಲ್ಕು ವರ್ಷ. "ಬಾಗಿಲು ತೆರೆದೇ ಇತ್ತು, ನೂಕುನುಗ್ಗಲಲ್ಲಿ ಸತ್ತರು" ಎಂದು ಅಪ್ಪ ಕಣ್ಣು ಮುಚ್ಚುವವರೆಗೂ ಹೇಳಿದ್ದ.

ಈಗ ಅಕ್ಕನ ಮಗಳು ಅದನ್ನೇ ನಾಟಕ ಮಾಡಿಸುತ್ತಿದ್ದಳು. ರಂಗಸಜ್ಜಿಕೆ ಇವನ ಪಾಲಿಗೆ ಬಂದಿತ್ತು.

"ಮಾವ, ಬಾಗಿಲು ಮಾತ್ರ ಅಂದಾಜಿಗೆ ಮಾಡ್ಬೇಡ. ಲೈಬ್ರರೀಲಿ ಹಳೇ ಪೇಪರ್ ಇವೆ, ನೋಡ್ಕೊಂಡು ಬಾ."

"ನಿಮ್ಮ ತಾತ ಹೇಳಿದ್ದು ಸಾಲ್ದೇನೇ?"

"ತಾತ ಅಳತೆ ಹೇಳಿಲ್ವಲ್ಲ!"

ಗ್ರಂಥಾಲಯದಾಕೆ ಆ ವರ್ಷದ ಪತ್ರಿಕೆಗಳ ದಪ್ಪ ಕಟ್ಟನ್ನು ಮೇಜಿನ ಮೇಲಿಟ್ಟಳು. "ನಿಧಾನ ತಿರುಗಿಸಿ, ಪುಡಿಯಾಗ್ತವೆ."

"ನಂದು ಮರ ಪಳಗಿಸಿದ ಕೈಯಮ್ಮ."

"ಅದಕ್ಕೇ ಹೇಳಿದ್ದು."

ಬೆಂಕಿ ಬಿದ್ದ ಮೂರನೆಯ ದಿನದ ಪುಟದಲ್ಲಿ ಚಿತ್ರ ಸಿಕ್ಕಿತು. ಬಾಗಿಲು ಮುರಿದು ಬಿದ್ದಿತ್ತು, ಚೌಕಟ್ಟು ನಿಂತಿತ್ತು. ಪಕ್ಕದ ಇಟ್ಟಿಗೆಯ ಸಾಲುಗಳನ್ನು ಎಣಿಸಿ ಎತ್ತರ ಗುರುತು ಹಾಕಿಕೊಂಡ. ಏಳು ಅಡಿ. ಹಾಳೆಯ ಮೇಲೆ ಚೌಕಟ್ಟು ಬರೆದು, ಬಾಗಿಲು ಬರೆದು, ಮತ್ತೊಮ್ಮೆ ಚಿತ್ರ ನೋಡಿದವನ ಕೈ ನಿಂತುಬಿಟ್ಟಿತು.

ಚೌಕಟ್ಟು ಇದ್ದಿಲಿನಂತೆ ಕರಿಕಾಗಿತ್ತು. ಆದರೆ ಹೊರಮೈಯಲ್ಲಿ, ಎದೆಮಟ್ಟಕ್ಕೆ, ಎರಡೂ ಬದಿಗೆ ನಾಲ್ಕು ಬೆರಳಗಲ ಬಿಳಿಚಿಕೊಂಡ ಗುರುತು. ಬೇರೆಯವರು ಅಚ್ಚಿನ ದೋಷವೆಂದು ಪುಟ ತಿರುಗಿಸಿಯಾರು. ಕಬ್ಬಿಣ ಅಪ್ಪಿಕೊಂಡ ಜಾಗದಲ್ಲಿ ಮರ ತಡವಾಗಿ ಸುಡುತ್ತದೆಂದು ಅವನಿಗೆ ಗೊತ್ತಿತ್ತು. ಬೆಂಕಿ ಬಿದ್ದಾಗ ಬಾಗಿಲಿಗೆ ಹೊರಗಿನಿಂದ ಕಬ್ಬಿಣದ ಅಡ್ಡಪಟ್ಟಿ ಹಾಕಿತ್ತು. ಅದನ್ನು ಹಾಕಿ ತೆಗೆಯುವವನು ಕಾವಲುಗಾರ.

"ಸಿಕ್ತಾ ಅಳತೆ?" ಗ್ರಂಥಾಲಯದಾಕೆ ಕೇಳಿದಳು.

"ಸಿಕ್ತು."

ಹಾಳೆಯಲ್ಲಿ ಪಟ್ಟಿ ಬರೆಯದೆಯೇ ಎದ್ದ. ಸುಮ್ಮನಿದ್ದರೆ ಅಪ್ಪನ ಮಾತು ಹಾಗೆಯೇ ಉಳಿಯುತ್ತಿತ್ತು. ಬರೆದರೆ, ನಾಟಕದ ದಿನ ಮುಂದಿನ ಸಾಲಿನಲ್ಲಿ ಕೂರಲಿದ್ದ ಅಮ್ಮನ ಎದುರಿಗೇ ಅದು ಸುಳ್ಳಾಗಿಬಿಡುತ್ತಿತ್ತು.

ಮನೆಯಲ್ಲಿ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನ ಕೈಯಿಂದ ಹಾಳೆ ಇಸಿದುಕೊಂಡು, ಪೆನ್ಸಿಲ್ಲಿನ ಬಾಗಿಲ ಮೇಲೆ ಬೆರಳಾಡಿಸಿದಳು. ಬೆರಳು ಎದೆಮಟ್ಟಕ್ಕೆ ಬಂದು ನಿಂತಿತು.

"ಇಲ್ಲಿ ಪಟ್ಟಿ ಎಲ್ಲೋ?"

"ಇತ್ತೇನಮ್ಮಾ?"

ಅಮ್ಮ ಇನ್ನೊಂದು ಅಂಗಿ ಮಡಚಿದಳು. "ಪಟ್ಟಿಗೆ ಎಷ್ಟು ತಿರುಪುಮೊಳೆ ಹಾಕ್ತೀಯ?"

"ನಾಟಕದ್ದಲ್ವಾ. ನಾಲ್ಕು ಸಾಕು."

"ಎಂಟು ಹಾಕು. ಒಳಗಿನೋರು ತುಂಬಾ ಜೋರಾಗಿ ತಳ್ತಾರೆ. ನಿಮ್ಮಪ್ಪ ನಿದ್ದೇಲಿ ಹಾಗಂತಿದ್ರು."

ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ. ಅಮ್ಮ ಬೆರಳಿಟ್ಟಿದ್ದ ಕಡೆಯೇ ಒಂದು ಅಡ್ಡಗೆರೆ ಎಳೆದ.