ಎಬಿಎಸ್ ದೀಪದ ಮೇಲಿನ ಬೊಟ್ಟು

ನಾನು ಮೆಕ್ಯಾನಿಕ್. ನನ್ನದೇ ಜೀಪಿಗೆ ಹೊರಗಿನಿಂದ ತಂದ ಹಿಂಬದಿಯ ಆಕ್ಸಲ್ ಹಾಕಿದ ದಿನದಿಂದ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಬ್ರೇಕಿನ ಹಳದಿ ದೀಪ ಆರಲೇ ಇಲ್ಲ. ಸೆನ್ಸರ್ ಬದಲಿಸಿದೆ, ವೈರು ಬದಲಿಸಿದೆ, ಜೂಜುವಾಡಿಯ ಎಲೆಕ್ಟ್ರಿಷಿಯನ್ ಜೊತೆ ಜಗಳವನ್ನೂ ಆಡಿದೆ. ಹೊಸೂರಿನ ಕಾರ್ಖಾನೆಯಲ್ಲಿ ಗೇರುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಆಕ್ಸಲ್ ರಿಂಗಿನ ಹಲ್ಲು ಎಣ್ಸಿ ನೋಡಿ. ಹಳೇದ್ರಲ್ಲಿದ್ದಷ್ಟೇ ಅವಾ ಅಂತ."

"ಇಪ್ಪತ್ತು ವರ್ಷದಿಂದ ಗಾಡಿ ಬಿಚ್ತಾ ಇವ್ನಿ. ನೀನು ಹೇಳ್ಕೊಡ್ಬೇಕಾ ನಂಗೆ?" ಎಂದು ರೇಗಿದೆ.

ಅವಳು ಪರ್ಸಿನಿಂದ ಸ್ಟಿಕ್ಕರ್ ಬೊಟ್ಟೊಂದನ್ನು ತೆಗೆದು ದೀಪದ ಮೇಲೆ ಅಂಟಿಸಿದಳು. "ಕಾಣ್ದಿದ್ರೆ ನಿಮ್ ಕೋಪಾನಾದ್ರೂ ಇಳೀಲಿ." ಬೊಟ್ಟು ಚಿಕ್ಕದು, ಸುತ್ತ ಹಳದಿ ಅಂಚು ಉಳಿಯಿತು. ಹಾಗೆಯೇ ಸೂಳಗಿರಿ, ಕೃಷ್ಣಗಿರಿ ಎಂದು ಇಬ್ಬರೂ ಓಡಾಡಿದೆವು.

ಮಳೆಗಾಲದ ಜ್ವರವೊಂದಕ್ಕೆ ಅವಳು ಹೋಗಿಬಿಟ್ಟಳು. ತಿಥಿ ಮುಗಿದ ಮೇಲೆ ಮನೆಯಲ್ಲಿ ಕೂರಲಾಗದೆ ಶೆಡ್ಡಿಗೆ ಬಂದು ಆಕ್ಸಲ್ ಬಿಚ್ಚಿದೆ. ಹಳೆಯ ರಿಂಗು, ಹೊಸ ರಿಂಗು ಎರಡನ್ನೂ ನೆಲದ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಎಣಿಸಿದೆ. ಹಳೆಯದರಲ್ಲಿ ನಲವತ್ತೆಂಟು ಹಲ್ಲು, ಹೊಸದರಲ್ಲಿ ನಲವತ್ತನಾಲ್ಕು. ಹಲ್ಲು ಎಣಿಸಿಯೇ ವೇಗ ತಿಳಿಯುವ ಎಬಿಎಸ್, ಹಿಂದಿನ ಚಕ್ರ ನಿಧಾನವಾಗಿ ಸುತ್ತುತ್ತಿದೆ ಎಂದುಕೊಂಡಿತ್ತು. ಎಣಿಸಲು ಐದು ನಿಮಿಷವೂ ಹಿಡಿಯಲಿಲ್ಲ.

ಸರಿಯಾದ ರಿಂಗು ಕೂರಿಸಿ ಜೀಪು ಓಡಿಸಿದೆ. ಬೊಟ್ಟಿನ ಸುತ್ತಲಿನ ಹಳದಿ ಅಂಚು ಆರಿಹೋಯಿತು. ಅವಳಿಗೆ ಹೇಳೋಣವೆಂದು ಪಕ್ಕದ ಸೀಟಿನತ್ತ ತಿರುಗಿದೆ.