ಬಿಟ್ಟ ಜಾಗದಲ್ಲೊಂದು ಚಪ್ಪಡಿ

ನಮ್ಮ ಮನೆಯ ಮುಂದೆ, ಗೋಡೆಗೂ ಕಾಂಪೌಂಡಿಗೂ ನಡುವಿನ ಬರಿನೆಲದ ಮೇಲೆ, ಒಂದು ಚಪ್ಪಡಿ ಕಲ್ಲು ಬಿದ್ದುಕೊಂಡಿದೆ. ಬೆಳಿಗ್ಗೆ ಅದರ ಮೇಲೆ ಸಂಡಿಗೆ ಒಣಗುತ್ತದೆ, ಸಂಜೆ ನನ್ನ ಅವ್ವ ಕೂರುತ್ತಾಳೆ. ಮನೆ ಕಟ್ಟಿ ಮಿಕ್ಕ ಸಾಮಾನೇ ಇದು ಎಂದು ಬಂದವರು ಕೇಳುವುದುಂಟು. ಮಿಕ್ಕದ್ದಲ್ಲ, ಎಲ್ಲಕ್ಕಿಂತ ಮೊದಲು ಬಂದದ್ದು.

ನಮ್ಮ ಹಳ್ಳಿ ಕೊಪ್ಪದ ಹಳೆಯ ಮನೆಯನ್ನು ನಾವು ಅಣ್ಣತಮ್ಮಂದಿರು ಕೆಡವಿ ಪಾಲು ಮಾಡಿಕೊಂಡಾಗ ಅವ್ವ ಕೇಳಿದ್ದು ಜಗಲಿಯ ಈ ಕಲ್ಲೊಂದನ್ನೇ. ಮಂಡ್ಯದಲ್ಲಿ ನಾನು ಕಟ್ಟಿಸುವ ಮನೆಯ ಬಾಗಿಲ ಪಕ್ಕದಲ್ಲಿ ಜಗಲಿ ಮಾಡಿ ಅದನ್ನು ಹಾಸಬೇಕೆಂಬುದು ಅವಳ ಆಸೆ. ಆದರೆ ಪಟ್ಟಣದ ನಿಯಮದ ಔದಾರ್ಯವೇ ವಿಚಿತ್ರ ನೋಡಿ, ಮಿತ್ರರೇ. ನಿಮ್ಮದೇ ನಿವೇಶನದಲ್ಲಿ ಸುತ್ತ ಇಷ್ಟು ಜಾಗ ಖಾಲಿ ಬಿಡಿ ಎನ್ನುತ್ತದೆ. ಗಾಳಿ ಬೆಳಕಿನ ದೃಷ್ಟಿಯಿಂದ ಅದು ನ್ಯಾಯವೇ. ಆ ಖಾಲಿಯೊಳಕ್ಕೆ ಕಿಟಕಿಯ ಮೇಲಿನ ಸಜ್ಜಾ ಒಂದಿಷ್ಟು ಚಾಚಬಹುದು, ಹತ್ತಿ ಇಳಿಯುವ ಮೆಟ್ಟಿಲು ಬರಬಹುದು, ಜಗಲಿ ಮಾತ್ರ ಕೂಡದು. ಮಳೆಬಿಸಿಲಿನ ನೆಪಕ್ಕೆ ರಿಯಾಯಿತಿ ಉಂಟು, ಒಳಗೆ ಹೋಗುವ ಅವಸರಕ್ಕೂ ಉಂಟು. ಸುಮ್ಮನೆ ಕೂರುವವರಿಗೆ ಇಲ್ಲ.

ನಮ್ಮ ಎಂಜಿನಿಯರು ಒಂದು ಉಪಾಯ ಹೇಳಿದರು, ಜಗಲಿಯನ್ನೇ ಅಗಲವಾದ ಮೆಟ್ಟಿಲೆಂದು ನಕ್ಷೆಯಲ್ಲಿ ತೋರಿಸಿದರಾಯಿತು. ಹಾಗೇ ಮಾಡಿದೆವು. ಕಲ್ಲು ಕೂತಿತು, ಕಲ್ಲಿನ ಮೇಲೆ ಅವ್ವ ಕೂತಳು. ಪರಿಶೀಲನೆಗೆ ಬಂದ ಅಧಿಕಾರಿ ಟೇಪು ಹಿಡಿದು ನಿಂತಾಗ, ನಮ್ಮ ಕಡೆ ಜಗಲಿಯವರೆಗೆ ಬಂದವರನ್ನು ನಿಲ್ಲಿಸಿ ಮಾತಾಡುವ ಪದ್ಧತಿಯಿಲ್ಲವಲ್ಲ, ಅವ್ವ ಪಕ್ಕಕ್ಕೆ ಸರಿದು ಅವರನ್ನು ಕೂರಿಸಿ ಮಜ್ಜಿಗೆ ತರಿಸಿದಳು. ಕುಡಿದು ಲೋಟ ಇಟ್ಟ ಅವರು, ಪಾಪ, ಬಿಟ್ಟುಬಿಡುವ ಮನಸ್ಸಿನಿಂದಲೇ, ಇದು ಮೆಟ್ಟಿಲು ತಾನೇ ಅಮ್ಮ ಎಂದು ಕೇಳಿದರು.

"ಮೆಟ್ಲಲ್ಲ ಕಣಪ್ಪ, ಜಗ್ಲಿ. ಮೆಟ್ಲಾಗಿದ್ರೆ ನಿನ್ನ ಕೂರುಸ್ತಿದ್ನಾ?" ಎಂದಳು ಅವ್ವ.

ಅಧಿಕಾರಿ ಎದ್ದರು. ಕಿವಿಯಾರೆ ಕೇಳಿದ್ದನ್ನು ಕೇಳಿಸಲಿಲ್ಲ ಎನ್ನುವುದು ಅವರಿಗೂ ಕಷ್ಟವೇ. ಕೆಲವೇ ದಿನದಲ್ಲಿ ಜಗಲಿ ಒಡೆಸಬೇಕಾಯಿತು. ನನಗೆ ಸಿಟ್ಟು ಬಂದು, ಒಂದು ಹೂಂ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ರೇಗಿದೆ. ಅವಳು, ಕೆಲಸದವರು ಒಡೆದ ಗಾರೆಯಿಂದ ಕಲ್ಲನ್ನು ಬಿಡಿಸುವುದನ್ನೇ ನೋಡುತ್ತಿದ್ದಳು.

"ಸುಳ್ಳಿನ್ ಮೇಲೆ ಎಂಗ್ಲಾ ಕೂರಾದು?" ಎಂದಳು.

ಕಲ್ಲು ಈಗ ನೆಲದ ಮಟ್ಟದಲ್ಲಿದೆ. ಕಟ್ಟದೆ ಸುಮ್ಮನೆ ಇಟ್ಟ ಕಲ್ಲನ್ನು ಇಲ್ಲಿಯವರೆಗೆ ಯಾರೂ ಆಕ್ಷೇಪಿಸಿಲ್ಲ. ಆದರೆ ಅಷ್ಟು ಕೆಳಗೆ ಕೂತ ಅವ್ವನಿಗೆ ಮಂಡಿನೋವಿನಿಂದ ಏಳಲಾಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು ಹೊರಗೆ ಹೋಗಿ ಕೈ ಕೊಡಬೇಕು. ಎತ್ತರದ ಜಗಲಿ ಉಳಿದಿದ್ದರೆ ಅವಳೇ ಎದ್ದು ಬರುತ್ತಿದ್ದಳು, ನಾನು ಒಳಗೇ ಇರುತ್ತಿದ್ದೆ. ಈಗ ಚಾಚಿದ ಕೈಯನ್ನು ಅವಳು ಹಿಡಿದುಕೊಳ್ಳುತ್ತಾಳೆ, ಏಳುವುದಿಲ್ಲ. ಕೊಂಚ ಸರಿದು ಜಾಗ ಬಿಡುತ್ತಾಳೆ.