ಮೀನಿಗೆ ಕಟ್ಟಿದ ಒಡ್ಡು

ನಮ್ಮ ಮನೆತನದಲ್ಲಿ ಮನೆಯೊಳಗೆ ಮೀನು ತಂದವನು ನಾನೇ ಮೊದಲಿಗ. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ಎಷ್ಟು ಹೇಳಿದರೂ ಊರ ಕಡೆಯ ನೆಂಟರ ಹುಬ್ಬು ಪೂರ್ತಿ ಕೆಳಗಿಳಿಯಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಹೇಳಿದ್ದನ್ನೆಲ್ಲ ನಂಬಬಾರದೆಂಬುದು ನನ್ನದೇ ಹಳೆಯ ಹಟ. ಅದನ್ನವರು ನನ್ನ ಮೇಲೆ ತಿರುಗಿಸಿದ್ದರು, ಅಷ್ಟೆ.

ನಿವೃತ್ತನಾಗಿ ಪುಣೆಯ ಕೋಥರೂಡದ ಫ್ಲ್ಯಾಟಿನಲ್ಲಿ ಕುಳಿತ ಮೇಲೆ ನನ್ನ ರಕ್ತದ ಒತ್ತಡ ಏರಿತು. ಡಾಕ್ಟರರು ಮಾತ್ರೆ ಬರೆದುಕೊಟ್ಟು, ಮನೆಯಲ್ಲೊಂದು ಮೀನಿನ ತೊಟ್ಟಿ ಇಟ್ಟುಕೊಂಡು ಅದನ್ನೇ ನೋಡುತ್ತ ಕುಳಿತರೆ ಒತ್ತಡ ಇಳಿಯುತ್ತದೆ ಎಂದರು. ಹಾಗೆ ಯಾರಿಗೆ ಇಳಿದಿದೆ, ಮೀನು ನೋಡಿದ್ದರಿಂದ ಇಳಿಯಿತೋ ಸುಮ್ಮನೆ ಕುಳಿತದ್ದರಿಂದ ಇಳಿಯಿತೋ ಎಂದು ಕೇಳಿದೆ. ಅವರು ನನ್ನ ತೋಳಿಗೆ ಮತ್ತೊಮ್ಮೆ ಪಟ್ಟಿ ಸುತ್ತಿ ಅಳೆದರು. ಒತ್ತಡ ಇನ್ನಷ್ಟು ಏರಿತ್ತು.

ನಾನು ಕಾಲೇಜು ಕಂಡವನಲ್ಲ. ಧಾರವಾಡದ ಕಡೆಯ ಹಳ್ಳಿಯೊಂದರಿಂದ ಮ್ಯಾಟ್ರಿಕ್ ಮುಗಿಸಿ ಪುಣೆಗೆ ಬಂದು, ಯಂತ್ರದ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಗುಮಾಸ್ತನಾಗಿ, ಉಳಿದ ವಿದ್ಯೆಯನ್ನೆಲ್ಲ ಗ್ರಂಥಾಲಯದ ಬೆಂಚಿನ ಮೇಲೆ ಸಂಪಾದಿಸಿದವನು. ಹೀಗೆ ಕಲಿತವರಿಗೆ ಒಂದು ರೋಗ ಅಂಟುತ್ತದೆ. ಗುರುವೇ ಇರಲಿಲ್ಲವಾದ್ದರಿಂದ ಯಾವ ಮಾತನ್ನೂ ಗುರುವಾಕ್ಯವೆಂದು ಒಪ್ಪುವ ಅಭ್ಯಾಸ ಬೆಳೆಯುವುದಿಲ್ಲ. ಉಡಕ್ಕೆ ಹಗ್ಗ ಕಟ್ಟಿ ಬಿಟ್ಟು, ಆ ಹಗ್ಗ ಹಿಡಿದು ಹಿಂದಿನ ಕಾಲದ ಸೈನಿಕರು ಸಿಂಹಗಡ ಕೋಟೆಯ ಕಡಿದಾದ ಬಂಡೆಯನ್ನು ಹತ್ತಿದರೆಂಬ ಕಥೆಯನ್ನು ಈ ಊರಿನಲ್ಲಿ ಮಕ್ಕಳಿಂದ ಮುದುಕರವರೆಗೆ ನಂಬುತ್ತಾರೆ. ಉಡ ಒಬ್ಬ ಸೈನಿಕನ ಭಾರವನ್ನು ತಡೆದೀತೇ ಎಂದು ನಾನು ಒಮ್ಮೆ ಆಫೀಸಿನಲ್ಲಿ ಚಹದ ಹೊತ್ತಿಗೆ ಕೇಳಿದೆ. ಅದಾದ ಮೇಲೆ ಬಹಳ ಕಾಲ ನಾನೊಬ್ಬನೇ ಚಹ ಕುಡಿದೆ.

ಇರಲಿ. ಹೊಸಬರಿಗೆ ಸಿಹಿನೀರಿನ ಮೀನೇ ಸರಿ ಎಂದು ಎಲ್ಲರೂ ಒಂದೇ ಬಾಯಿಂದ ಹೇಳಿದ್ದರಿಂದ ನಾನು ಉಪ್ಪುನೀರಿನ ತೊಟ್ಟಿಯನ್ನು ಆರಿಸಿದೆ. ಕ್ಯಾಂಪ್ ಬಡಾವಣೆಯ ಸಾಕುಮೀನಿನ ಅಂಗಡಿಯಿಂದ ಗಾಜಿನ ತೊಟ್ಟಿ, ಪಂಪು, ನೀರು ಬೆಚ್ಚಗಿಡುವ ಹೀಟರು, ನಲ್ಲಿಯ ನೀರನ್ನು ಸಮುದ್ರ ಮಾಡುವ ಉಪ್ಪು, ಬಿಳಿ ಮರಳು, ಜೊತೆಗೆ ರಿಕ್ಷಾದ ಬೆನ್ನು ಮುರಿಯುವಷ್ಟು ಕಲ್ಲು ಮನೆಗೆ ಬಂದವು. ನಮ್ಮ ನಾಡಿನ ಕರಿಗಲ್ಲಲ್ಲ ಅದು. ಹವಳದ ಕಲ್ಲು, ಹಳೆಯ ಮೂಳೆಯ ಹಾಗೆ ಬೆಳ್ಳಗೆ, ಮೈತುಂಬ ತೂತು. ಹವಳದ ದಿಬ್ಬವನ್ನು ಕಟ್ಟುವವರು ಕಾಳಿನಷ್ಟು ಸಣ್ಣ ಜೀವಿಗಳು, ಅವು ಸತ್ತು ಬಿಟ್ಟುಹೋದ ಗೂಡುಗಳೇ ಕಾಲಾಂತರದಲ್ಲಿ ದ್ವೀಪಗಳಾಗುತ್ತವೆ ಎಂದು ಗ್ರಂಥಾಲಯದಲ್ಲಿ ಓದಿದ್ದೆ. ಬರೆದವನು ಅಷ್ಟು ಕಾಲ ನಿಂತು ನೋಡಿದ್ದನೇ ಎಂದು ಆಗಲೂ ಅನಿಸಿತ್ತು. ಈ ಸತ್ತ ಕಲ್ಲು ಉಪ್ಪುನೀರಿನಲ್ಲಿ ಕೆಲವು ವಾರ ಮುಳುಗಿದ್ದರೆ ಮತ್ತೆ ಜೀವಂತವಾಗುತ್ತದೆ ಎಂದು ಅಂಗಡಿಯವನು ಹೇಳಿದ. ನಾನು ಕಲ್ಲನ್ನೂ ಅವನನ್ನೂ ನೋಡಿದೆ. “ಥೋಡಂ ಥಾಂಬಾ ಕಾಕಾ,” ಎಂದ. ಸ್ವಲ್ಪ ತಡೆಯಿರಿ ಎನ್ನುವುದೇ ಈ ವ್ಯಾಪಾರದ ಮೂಲಮಂತ್ರ.

ಇನ್ನು ಕಲ್ಲುಗಳನ್ನು ಜೋಡಿಸುವ ಬಗೆ. ಹಿಂದಿನ ಗಾಜಿಗೆ ಒರಗಿಸಿ ಪೇರಿಸಬೇಕೆಂದು ಅಂಗಡಿಯವನು ಹೇಳಿದ. ಗಾಜಿಗೆ ತಾಗಲೇಕೂಡದು, ನಡುವೆ ಇರಬೇಕು ಎಂದು ಅವನೇ ಕೊಟ್ಟ ಪುಸ್ತಿಕೆ ಹೇಳಿತು. ನೆರೆಮನೆಯ ಕುಲಕರ್ಣಿಯವರು ಬೆಳಗಾವಿಯವರು, ನನ್ನಂತೆಯೇ ನಿವೃತ್ತರು, ಕರೆಯದೆ ಬರುವವರು. ಗೌರಿ ಹಬ್ಬದ ಅಲಂಕಾರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಟ್ಟರೆ ಬಂದವರಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ಅವರ ಸಿದ್ಧಾಂತ. ಇವರಲ್ಲಿ ಒಬ್ಬರೂ ಸಮುದ್ರದ ತಳಕ್ಕೆ ಹೋಗಿ ಬಂದವರಲ್ಲ. ನಾನೂ ಹೋಗಿಲ್ಲ. ಆದರೆ ನನಗೆ ಒಡ್ಡು ಗೊತ್ತಿತ್ತು.

ನಮ್ಮ ಹೊಲಕ್ಕೆ ಕಲ್ಲಿನ ಒಡ್ಡು ಇತ್ತು. ಮಣ್ಣಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ನಡುವಿನ ಎಡೆಗಳಿಗೆಲ್ಲ ಸುತ್ತಿಗೆಯಿಂದ ಬಡಿದು ಕೂರಿಸಿದ ಚಕ್ಕೆ. ಹಾವು ನುಸುಳುವಷ್ಟು ಸಂದು ಬಿಟ್ಟರೆ ಅದು ಒಡ್ಡೇ ಅಲ್ಲವೆಂದು ಅಪ್ಪ ಹೇಳುತ್ತಿದ್ದರು. ಜಗತ್ತಿನ ಮಾತನ್ನೆಲ್ಲ ಶಂಕಿಸಿದ ನಾನು ಆ ಒಂದು ಮಾತನ್ನು ಶಂಕಿಸಿರಲಿಲ್ಲ. ಚೆಂದದ ಕಲ್ಲೊಂದನ್ನು ಒಡೆದು ಚಕ್ಕೆ ಮಾಡಿ, ತೊಟ್ಟಿಯ ಉದ್ದಕ್ಕೂ ಗೋಡೆ ಎಬ್ಬಿಸಿ, ಸಂದುಗಳನ್ನೆಲ್ಲ ಮುಚ್ಚಿದೆ. ಅಲುಗಾಡಿಸಿದರೆ ತೊಟ್ಟಿ ಅಲುಗೀತು, ಗೋಡೆ ಅಲುಗುತ್ತಿರಲಿಲ್ಲ.

ಕುಲಕರ್ಣಿಯವರು ಕನ್ನಡಕ ಏರಿಸಿ ನೋಡಿದರು. “ಭಾಳ ಗಟ್ಟಿ ಕಟ್ಟೀರಿ. ಯಾರ ದಂಡು ಬರೂದದರಿ ಇದರ ಮ್ಯಾಲೆ?”

ನೀರು ತುಂಬಿ, ವಾರಗಟ್ಟಲೆ ತಡೆದು, ಕಡೆಗೆ ಒಂದು ಮೀನು ತಂದೆವು. ಹೆಬ್ಬೆಟ್ಟಿನಷ್ಟು ನೀಲಿ ಮೈ, ಹಳದಿ ಬಾಲ. ಈ ಮೀನು ಯಾರ ಕೈಯಲ್ಲೂ ಸಾಯುವುದಿಲ್ಲವೆಂದು ಅಂಗಡಿಯವನು ಭರವಸೆ ಕೊಟ್ಟಿದ್ದ. ನನ್ನ ಹೆಂಡತಿ ಸುಶೀಲೆ ಮೊದಲ ದಿನ ತೊಟ್ಟಿಯತ್ತ ಮುಖವನ್ನೇ ಮಾಡಲಿಲ್ಲ. ಎರಡನೆಯ ದಿನ ಅದಕ್ಕೆ ನೀಲವ್ವ ಎಂದು ಹೆಸರಿಟ್ಟಳು. ಗುರುವಾರದ ದುರಸ್ತಿಗೆಂದು ಕರೆಂಟು ಹೋಗಿ ಪಂಪು ನಿಂತಾಗ, ನೀರಿಗೆ ಗಾಳಿ ಸೇರಲೆಂದು ತಂಬಿಗೆಯಿಂದ ಎತ್ತೆತ್ತಿ ಹೊಯ್ಯುತ್ತ ಕರೆಂಟು ಬರುವವರೆಗೂ ನಿಂತಿದ್ದಳು.

ಆದರೆ ಸಾಯದ ಮೀನು ಸಾಯುವ ಲಕ್ಷಣ ತೋರಿಸಿತು. ನೀಲಿ ಬಣ್ಣ ಕಂದಿ ಮಸಿಯಾಯಿತು. ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹಾಕಿದ ಕಾಳು ಮೂತಿಯ ಮುಂದೆಯೇ ಇಳಿದುಹೋದರೂ ಬಾಯಿ ತೆರೆಯದು. ಅಂಗಡಿಯವನು ಔಷಧದ ಹನಿ ಕೊಟ್ಟ. ಒಂಟಿತನಕ್ಕೆ ಹೀಗಾಗಿದೆ, ಜೊತೆ ತನ್ನಿ ಎಂದರು ಕುಲಕರ್ಣಿಯವರು. ಸುಶೀಲೆ ಮಾತ್ರ ಸಲಹೆ ಕೊಡಲಿಲ್ಲ.

“ಇದು ಹೋತಂದ್ರ ಈ ಮನ್ಯಾಗ ಮತ್ತೊಂದು ಜೀವ ತರಬ್ಯಾಡ್ರಿ,” ಎಂದಳು. “ನೋಡೂದು ನನ್ನಿಂದ ಆಗೂದಿಲ್ಲ.”

ನಾನು ಹನಿಯನ್ನೂ ನಂಬಲಿಲ್ಲ, ಒಂಟಿತನವನ್ನೂ ನಂಬಲಿಲ್ಲ. ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕುಳಿತೆ. ಮೀನು ಗೋಡೆಯ ಉದ್ದಕ್ಕೂ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು, ಚಕ್ಕೆ ಬಡಿದ ಒಂದೊಂದು ಎಡೆಗೂ ಮೂತಿ ತಾಗಿಸಿ ನೋಡುತ್ತಿತ್ತು. ಕಡೆಗೆ ಹೀಟರಿಗೂ ಗಾಜಿಗೂ ನಡುವೆ ಮೈ ತುರುಕಿ ನಿಂತಿತು. ಇಡೀ ತೊಟ್ಟಿಯಲ್ಲಿ ನಾನು ಮುಚ್ಚದೆ ಬಿಟ್ಟ ಸಂದು ಅದೊಂದೇ. ಅದೂ ನನ್ನ ಕೈ ಅಲ್ಲಿಗೆ ಹೋಗದೆ ಉಳಿದದ್ದು. ಸರಿಯೇ. ಹಾವು ನುಸುಳದ ಗೋಡೆಯಲ್ಲಿ ಮೀನು ಹೇಗೆ ನುಸುಳೀತು? ನಾನು ಅದಕ್ಕೆ ಮನೆ ಕಟ್ಟಿರಲಿಲ್ಲ, ಅದು ಮನೆಗೆ ಬಾರದ ಹಾಗೆ ಬೇಲಿ ಕಟ್ಟಿದ್ದೆ.

ಬಿಚ್ಚಲು ಮನಸ್ಸು ಬರಲಿಲ್ಲ ಎಂದರೆ ನೀವು ನಗಬಹುದು. ಅಷ್ಟು ಒಳ್ಳೆಯ ಒಡ್ಡನ್ನು ಅಪ್ಪನ ಕಾಲದ ನಂತರ ನಮ್ಮಲ್ಲಿ ಯಾರೂ ಕಟ್ಟಿರಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಕುರ್ಚಿಯಲ್ಲೇ ಕುಳಿತಿದ್ದೆ. ಆಮೇಲೆ ಅಂಗಿಯ ತೋಳು ಮಡಚಿ ನೀರಿಗೆ ಕೈಯಿಟ್ಟೆ. ಚಕ್ಕೆಗಳನ್ನು ಒಂದೊಂದಾಗಿ ತೆಗೆದು ಸುಶೀಲೆ ಹಿಡಿದ ಬೋಗುಣಿಗೆ ಹಾಕುತ್ತಿದ್ದೆ. ಭುಜ ಸೋತಿತ್ತು, ಮೊಳಕೈಯ ಮೇಲೆ ಉಪ್ಪು ಒಣಗಿ ಉರಿಯುತ್ತಿತ್ತು. ಯಾವ ಚಕ್ಕೆ ಗೋಡೆಯನ್ನು ಹಿಡಿದಿತ್ತೋ ತಿಳಿಯದು. ಅದನ್ನು ಎಳೆದ ಕೂಡಲೇ ಇಡೀ ಗೋಡೆ ನಿಟ್ಟುಸಿರಿನಂಥ ಸದ್ದು ಮಾಡಿ ಕುಸಿಯಿತು. ಮರಳೆದ್ದು ನೀರು ಹಾಲಾಯಿತು.

“ನೀಲವ್ವ ಎಲ್ಲಿತ್ತು?” ಎಂದಳು ಸುಶೀಲೆ. ನಾನು ನೋಡಿರಲಿಲ್ಲ.

ನೀರು ತಿಳಿಯಾಗುವ ಹೊತ್ತಿಗೆ ಮರುದಿನವಾಗಿತ್ತು. ಕಲ್ಲುಗಳು ಒಂದಕ್ಕೊಂದು ಒರಗಿ, ಕೆಲವು ಅಡ್ಡ, ಕೆಲವು ನೆಟ್ಟಗೆ, ಜಾತ್ರೆ ಮುಗಿಸಿ ಬಂದವರು ಕಟ್ಟೆಯ ಮೇಲೆ ಕುಸಿದು ಕುಳಿತ ಹಾಗೆ ಬಿದ್ದಿದ್ದವು. ನಡುವೆ ಎಲ್ಲೆಲ್ಲೂ ಕತ್ತಲೆಯ ಬಾಯಿಗಳು. ಹೀಟರಿನ ಹಿಂದೆ ಮೀನಿಲ್ಲ. ಎಲ್ಲಿಯೂ ಇಲ್ಲ. ಕಲ್ಲೆತ್ತಿ ನೋಡಬಹುದಿತ್ತು, ಬದುಕಿದ್ದರೆ ಎತ್ತುವಾಗ ಸತ್ತೀತು. ಸುಶೀಲೆ ಎಂದಿನಂತೆ ಕಾಳು ಹಾಕಿದಳು. ಸ್ವಲ್ಪ ಹೊತ್ತಿಗೆ ಕಾಳು ಇರಲಿಲ್ಲ.

“ತಿಂದದ ನೋಡ್ರಿ,” ಎಂದಳು.

ಕಾಳನ್ನು ಪಂಪು ಎಳೆದುಕೊಂಡಿರಬಹುದು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಒಂದು ಸಂದೇಹವನ್ನು ಹೊರಗೆ ಬಿಡದೆ ನುಂಗಿಕೊಂಡೆ.

ಹಾಗೆ ದಿನಗಳು ಹೋದವು. ಅವಳು ನಂಬಿ ಕಾಳು ಹಾಕುತ್ತಿದ್ದಳು, ನಾನು ನಂಬದೆ ಕಾಯುತ್ತಿದ್ದೆ. ಇಬ್ಬರೂ ನೋಡುತ್ತಿದ್ದುದು ಮಾತ್ರ ಅದೇ ಕಲ್ಲುಗಳನ್ನು. ಒಂದು ಬೆಳಿಗ್ಗೆ ಪೇಪರು ಮಡಚಿ ತಲೆ ಎತ್ತಿದರೆ, ಕೆಳಗಿನ ಎಡೆಯೊಂದರಲ್ಲಿ ಹಳದಿ ಬಾಲ. ಮೈ ಮತ್ತೆ ಶಾಯಿಯಷ್ಟು ನೀಲಿ. ನನ್ನನ್ನು ನೋಡಿದ್ದೇ ತಡ, ಒಳಗೆ ಹೋಯಿತು. ಸುಶೀಲೆಯನ್ನು ಕರೆದು ತೋರಿಸುವಷ್ಟರಲ್ಲಿ ಏನೂ ಇರಲಿಲ್ಲ. ಅವಳೇನೂ ಬೇಸರಪಡಲಿಲ್ಲ. “ನನಗ ಗೊತ್ತಿತ್ತಲ್ಲ,” ಎಂದು ಒಗ್ಗರಣೆಗೆ ಹೋದಳು.

ಅಂದಿನಿಂದ ಕಲ್ಲು ಮುಟ್ಟಿಲ್ಲ. ಬಚ್ಚಿಟ್ಟುಕೊಳ್ಳಲು ಹೆಚ್ಚು ಜಾಗ ಸಿಕ್ಕಷ್ಟೂ ಮೀನು ಹೆಚ್ಚು ನೆಮ್ಮದಿಯಾಗಿರುತ್ತದೆ ಎಂದು ಕಾಣುತ್ತದೆ. ಆದ್ದರಿಂದ ನಮ್ಮ ತೊಟ್ಟಿಯಲ್ಲಿ ನೋಡಲು ಸಿಗುವುದು ಬಹುಪಾಲು ಕಲ್ಲೇ. ಡಾಕ್ಟರರ ಮಾತಿನಂತೆ ಒತ್ತಡ ಇಳಿದಿದೆ. ಮೀನು ನೋಡಿ ಇಳಿದದ್ದಂತೂ ಅಲ್ಲ.

ಮೊನ್ನೆ ಕುಲಕರ್ಣಿಯವರು ಬಂದು ತೊಟ್ಟಿಯ ಮುಂದೆ ಬಗ್ಗಿದರು. “ಎಲ್ಲೆದರೀ ಮೀನು?”

“ಒಳಗದ. ಕೂಡ್ರಿ, ಬರತದ.”

ಕೂತರು. ಚಹ ಮುಗಿಯಿತು, ಅವಲಕ್ಕಿ ಮುಗಿಯಿತು. ಮೀನು ಬರಲಿಲ್ಲ. “ಬರೇ ಬಾಯಿಮಾತಿನ ಮ್ಯಾಲೆ ಹ್ಯಾಂಗ ನಂಬೂದರಿ?” ಎಂದರು. “ನಿಮ್ಮ ಸಹವಾಸದಾಗ ಇದೊಂದು ಕಲ್ತೇನಿ ನೋಡ್ರಿ.”

“ಉಡ ಹಗ್ಗ ಒಯ್ದದ್ದನ್ನ ನಂಬತೀರಿ.”

“ಅದನ್ನ ಕಂಡವ್ರು ಇದ್ದರಲ್ಲರಿ.”

ನಾನೂ ಕಂಡವನೇ ಎನ್ನಬಹುದಿತ್ತು. ಮೊದಲಾಗಿದ್ದರೆ ಅವರು ಎದ್ದು ಹೋಗುವವರೆಗೂ ವಾದಿಸುತ್ತಿದ್ದೆ. ಈಗ ದಣಿವು. ಅವರು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿಯುವುದಕ್ಕೂ ನೀಲವ್ವ ಹೊರಗೆ ಬಂದು ಗಾಜಿನ ಮುಂದೆ ಒಂದು ಸುತ್ತು ಹಾಕುವುದಕ್ಕೂ ಸರಿಹೋಯಿತು.

“ಕರೀರಿ ಅವರನ್ನ,” ಎಂದಳು ಸುಶೀಲೆ.

“ಬ್ಯಾಡ ಬಿಡು,” ಎಂದೆ.

ಮೀನು ಮತ್ತೆ ಸಂದಿಗೆ ಮರಳಿತು. ಅದನ್ನು ನೋಡುತ್ತ ಕುಳಿತಾಗ, ಸಿಂಹಗಡದ ಆ ಬಂಡೆಯಲ್ಲಿಯೂ ಉಡದ ಉಗುರಿಗೆ ಎಲ್ಲೋ ಒಂದು ಒಳ್ಳೆಯ ಸಂದು ಸಿಕ್ಕಿದ್ದರೂ ಸಿಕ್ಕಿರಬಹುದು ಎಂದು ಅನಿಸಿತು. ಆದರೆ ಇಷ್ಟು ವರ್ಷಗಳ ಮೇಲೆ ಆಫೀಸಿನ ಹಳೆಯ ಗೆಳೆಯರನ್ನು ಹುಡುಕಿಕೊಂಡು ಹೋಗಿ ಇದನ್ನು ಹೇಳುವ ತ್ರಾಣ ನನ್ನಲ್ಲಿ ಉಳಿದಿಲ್ಲ.